ಕುದುರೆ, ಸವಾರಿ ಮತ್ತು ಸಾಕಿದವರ ನಂಟು: ದಾವಣಗೆರೆ–ಚಿತ್ರದುರ್ಗ ಸೀಮೆಯವರ ಚರ್ಚೆ

ವಿದ್ಯಾನಗರದ ಓದುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಕುದುರೆ ಸವಾರಿ ಕಲಿಯಬೇಕೆಂಬ ಆಸೆ ಅವಳಲ್ಲಿ ಚಿಕ್ಕಂದಿನಿಂದಲೂ ಇದೆ. ಈಗ ಅದು ಹಟವಾಗಿ ಬೆಳೆದಿದೆ. ನಮ್ಮ ಮನೆತನದಲ್ಲಿ ಎಮ್ಮೆ, ಎತ್ತು ಸಾಕಿದವರಿದ್ದಾರೆಯೇ ಹೊರತು ಕುದುರೆಯ ಲಗಾಮು ಹಿಡಿದವರು ಯಾರೂ ಇಲ್ಲ. ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಸವಾರಿಯಲ್ಲಿ ಸಿಗುವ ಸಂತೋಷ ವೇಗದ್ದೇ, ಅಥವಾ ಅದಕ್ಕಿಂತ ಬೇರೆಯದೇ? ಕುದುರೆ ತನ್ನನ್ನು ಸಾಕಿದವರನ್ನು ನಿಜವಾಗಿಯೂ ಗುರುತಿಸಿ ಹಚ್ಚಿಕೊಳ್ಳುತ್ತದೆಯೇ, ಅಥವಾ ನಾವೇ ಹಾಗೆಂದು ಭಾವಿಸಿಕೊಳ್ಳುತ್ತೇವೆಯೇ? ನಮ್ಮಂಥ ಬಿಸಿಲಿನ ಊರಿನಲ್ಲಿ ಆ ಪ್ರಾಣಿಗೆ ಹಿಂಸೆಯಾಗದಂತೆ ಈ ಆಸೆಯನ್ನು ಪೂರೈಸಲು ಸಾಧ್ಯವೇ? ಅನುಭವಿಗಳು ದಯವಿಟ್ಟು ವಿವರವಾಗಿ ಬರೆಯಬೇಕು.

ಜಟಕಾ ಮನೆಯವನು, ಹಳೇಪೇಟೆ

ನಮ್ಮ ತಂದೆಯವರು ದಾವಣಗೆರೆಯಲ್ಲಿ ಜಟಕಾ ಗಾಡಿ ಹೊಡೆಯುತ್ತಿದ್ದರು. ರೈಲ್ವೆ ನಿಲ್ದಾಣದಿಂದ ಮಂಡಿಪೇಟೆ, ಚೌಕಿಪೇಟೆಗಳಿಗೆ ಸವಾರಿ ಸಿಗುತ್ತಿದ್ದ ಕಾಲ ಅದು. ಬಟ್ಟೆ ಮಿಲ್ಲುಗಳೂ ಹತ್ತಿಯ ವ್ಯಾಪಾರವೂ ಊರನ್ನು ತುಂಬಿದ್ದರಿಂದ ಗಾಡಿಗೆ ಕೆಲಸವಿಲ್ಲದ ದಿನ ಅಪರೂಪವಾಗಿತ್ತು. ತಾವು ಕೇಳಿರುವ ಎರಡನೆಯ ಪ್ರಶ್ನೆಗೆ ನಾನು ಉತ್ತರ ಕಂಡದ್ದು ನಮ್ಮ ಮನೆಯ ಹಿತ್ತಲಿನ ಲಾಯದಲ್ಲಿ.

ರಾತ್ರಿ ನೆನೆಹಾಕಿದ ಹುರುಳಿಯನ್ನು ನಸುಕಿನಲ್ಲಿ ಬೇಯಿಸಿ, ಆರಿಸಿ, ಹೊಟ್ಟಿನೊಂದಿಗೆ ಕಲಸಿ ಕುದುರೆಯ ಮುಂದಿಟ್ಟ ನಂತರವೇ ನಮ್ಮ ಮನೆಯಲ್ಲಿ ಚಹಾದ ಪಾತ್ರೆ ಒಲೆಗೇರುತ್ತಿತ್ತು. ಅದು ಮೇಯುತ್ತಿರುವಾಗ ತಂದೆಯವರು ಮೈಯುಜ್ಜುತ್ತಿದ್ದರು. ಬ್ರಷ್ಷನ್ನು ಕುತ್ತಿಗೆಯಿಂದ ಆರಂಭಿಸಿ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಹಿಂದಕ್ಕೆ ಎಳೆಯುತ್ತಾ, ಇನ್ನೊಂದು ಅಂಗೈಯನ್ನು ಸದಾ ಕುದುರೆಯ ಮೈಮೇಲೆ ಇರಿಸಿಕೊಂಡಿರುತ್ತಿದ್ದರು; ತಾವು ಎಲ್ಲಿದ್ದೇವೆಂಬುದು ಅದಕ್ಕೆ ತಿಳಿದಿರಲಿ ಎಂದು. ಆಮೇಲೆ ಒಂದೊಂದೇ ಕಾಲನ್ನೆತ್ತಿ ಗೊರಸಿನೊಳಗೆ ಸಿಕ್ಕಿದ ಜಲ್ಲಿಕಲ್ಲನ್ನೂ ಕೆಸರನ್ನೂ ಕೆರೆದು ತೆಗೆದು, ಲಾಳದ ಮೊಳೆ ಸಡಿಲವಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಡಾಂಬರು ರಸ್ತೆಯಲ್ಲಿ ಲಾಳ ಬೇಗ ಸವೆಯುವುದರಿಂದ ಲಾಳ ಕಟ್ಟುವವರ ಬಳಿಗೆ ಹೋಗುವ ದಿನವನ್ನು ಅವರು ಎಂದೂ ಮುಂದೂಡಿದವರಲ್ಲ.

ನಮ್ಮ ಹೆಣ್ಣುಗುದುರೆ ತಂದೆಯವರ ಕೆಮ್ಮನ್ನು ಬೀದಿಯ ತಿರುವಿನಲ್ಲಿಯೇ ಗುರುತಿಸಿ ಮೆಲ್ಲಗೆ ಕೆನೆಯುತ್ತಿತ್ತು. ನಾನು ಅಷ್ಟೇ ಹುರುಳಿ ಹಿಡಿದು ಹೋದರೂ ಆ ಸದ್ದು ಬರುತ್ತಿರಲಿಲ್ಲ. ವಾಡಿಕೆಯ ಗಿರಾಕಿಗಳ ಮನೆಯ ಮುಂದೆ ಲಗಾಮು ಎಳೆಯದೆಯೇ ನಿಲ್ಲುತ್ತಿತ್ತು. ಆಟೋಗಳು ಹೆಚ್ಚಾಗಿ ಗಾಡಿಯ ಸಂಪಾದನೆ ಕುದುರೆಯ ಮೇವಿಗೂ ಸಾಲದಾದಾಗ ಬಂಧುಗಳೆಲ್ಲ ಅದನ್ನು ಮಾರಿಬಿಡುವಂತೆ ಹೇಳಿದರು. ತಂದೆಯವರು ಗಾಡಿಯನ್ನು ಮಾರಿದರು, ಕುದುರೆಯನ್ನು ಮಾರಲಿಲ್ಲ. ದುಡಿಯುವ ಕಾಲದಲ್ಲಿ ಅದು ನಮ್ಮನ್ನು ಸಾಕಿತು, ಈಗ ನಾವು ಅದನ್ನು ಸಾಕುವ ಸರದಿ ಎಂಬುದು ಅವರ ಮಾತಾಗಿತ್ತು. ಅದು ಮುಪ್ಪಿನಿಂದ ಸಾಯುವವರೆಗೂ ಆ ಮಾತಿನಂತೆಯೇ ನಡೆದರು. ಸ್ವತಃ ಅವರು ಕುದುರೆಯ ಬೆನ್ನೇರಿದ್ದು ಬಹಳ ಕಡಿಮೆ. ಆದರೂ ಕುದುರೆಯಿಂದ ಮನುಷ್ಯನಿಗೆ ಸಿಗಬಹುದಾದ ಸಂತೋಷ ಅವರಿಗೆ ಪೂರ್ತಿಯಾಗಿ ಸಿಕ್ಕಿತ್ತೆಂದು ನಾನು ನಂಬಿದ್ದೇನೆ.

ನಿವೃತ್ತ ಪಶುವೈದ್ಯ, ದಾವಣಗೆರೆ

ಹಳೇಪೇಟೆಯವರು ಬರೆದಿರುವುದರಲ್ಲಿ ಅತಿಶಯೋಕ್ತಿ ಇಲ್ಲ. ಅದರ ಹಿಂದಿರುವ ಕಾರಣಗಳನ್ನು ಕೊಂಚ ವಿವರಿಸುತ್ತೇನೆ.

ಕುದುರೆ ಬೇಟೆಗೆ ಗುರಿಯಾಗುತ್ತಿದ್ದ ಪ್ರಾಣಿ. ಲಕ್ಷಾಂತರ ವರ್ಷ ಬಯಲಿನಲ್ಲಿ ಬದುಕಿ, ಅಪಾಯ ಕಂಡೊಡನೆ ಓಡಿ ಉಳಿದುಕೊಂಡ ಜೀವ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಸುಮಾರು 350 ಡಿಗ್ರಿಯಷ್ಟು ನೋಟ ಸಿಗುತ್ತದೆ. ಹಣೆಯ ನೇರ ಮುಂದೆ ಸ್ವಲ್ಪ ಜಾಗ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಹೋದವರಿಗೆ ಒದೆ ಬೀಳುವುದು ಈ ಕಾರಣದಿಂದಲೇ ಹೊರತು ಕುದುರೆಯ ಕೆಟ್ಟತನದಿಂದಲ್ಲ. ಹಳೇಪೇಟೆಯ ಆ ಹಿರಿಯರು ಅಂಗೈಯನ್ನು ಸದಾ ಮೈಮೇಲಿಟ್ಟಿರುತ್ತಿದ್ದರೆಂಬ ವಿವರವನ್ನು ಓದಿ ನನಗೆ ಬಹಳ ಗೌರವ ಮೂಡಿತು. ಪಶುವೈದ್ಯ ಕಾಲೇಜಿನಲ್ಲಿ ನಮಗೆ ಕಲಿಸಿದ ಮೊದಲ ಪಾಠವೂ ಅದೇ.

ಇಂಥ ಪ್ರಾಣಿಗೆ ಹಿಂಡಿನಲ್ಲಿ ಪಕ್ಕದ ಕುದುರೆಯ ಕಿವಿ, ಉಸಿರು, ಸ್ನಾಯುವಿನ ಬಿಗಿತಗಳನ್ನು ಓದುವುದು ಜೀವನ್ಮರಣದ ಪ್ರಶ್ನೆಯಾಗಿತ್ತು. ಆ ಶಕ್ತಿಯನ್ನೇ ಅದು ನಮ್ಮ ಮೇಲೂ ಬಳಸುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆ, ಉತ್ತರವನ್ನು ಗೊರಸು ಕುಟ್ಟಿ ಹೇಳುತ್ತದೆ ಎಂದು ಬಹಳ ಪ್ರಸಿದ್ಧಿಯಾಗಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕರು ಪರೀಕ್ಷಿಸಿದಾಗ, ಪ್ರಶ್ನೆ ಕೇಳಿದವರಿಗೇ ಉತ್ತರ ತಿಳಿಯದಿದ್ದರೆ ಹಾನ್ಸ್‌ಗೂ ತಿಳಿಯುವುದಿಲ್ಲವೆಂದು ಗೊತ್ತಾಯಿತು. ಸರಿಯಾದ ಸಂಖ್ಯೆ ಬಂದೊಡನೆ ಎದುರಿಗಿದ್ದವರ ತಲೆಯಲ್ಲಿ ತಮಗೇ ಅರಿವಿಲ್ಲದೆ ಉಂಟಾಗುತ್ತಿದ್ದ ಕೂದಲೆಳೆಯಷ್ಟು ಚಲನೆಯನ್ನು ನೋಡಿ ಅದು ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಜನ ಇದನ್ನು ಕುದುರೆಯ ಸೋಲೆಂದು ಹೇಳಿದರು. ನನಗೆ ಅದು ಗಣಿತಕ್ಕಿಂತ ದೊಡ್ಡ ಸಾಮರ್ಥ್ಯವಾಗಿ ಕಾಣುತ್ತದೆ. 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಸಿಟ್ಟಿನ ಮುಖ ಹಾಗೂ ನಗುಮುಖದ ಛಾಯಾಚಿತ್ರಗಳನ್ನು ಕುದುರೆಗಳಿಗೆ ತೋರಿಸಿದಾಗ, ಸಿಟ್ಟಿನ ಮುಖ ಕಂಡ ಕುದುರೆಗಳ ಎದೆಬಡಿತ ಬೇಗ ಏರಿದ್ದನ್ನು ದಾಖಲಿಸಿದರು. ಮನಸ್ಸಿನಲ್ಲಿ ಕೋಪವಿಟ್ಟುಕೊಂಡು ಲಾಯದೊಳಗೆ ಕಾಲಿಡಬಾರದೆಂದು ಹಳಬರು ಹೇಳುತ್ತಿದ್ದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎಂ.ಸಿ.ಸಿ. ಬಡಾವಣೆಯ ಓದುಗ

ಡಾಕ್ಟರ್ ಅವರ ಮೇಲಿನ ಗೌರವದೊಂದಿಗೇ ಒಂದು ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ನಮ್ಮ ಮುಖಭಾವವನ್ನು ಓದಬಲ್ಲದೆಂದ ಮಾತ್ರಕ್ಕೆ ಅದು ನಮ್ಮನ್ನು ಪ್ರೀತಿಸುತ್ತದೆಂದು ಹೇಗೆ ಹೇಳುವುದು? ಹುಲ್ಲು ಕೊಟ್ಟ ಕೈಯ ಹಿಂದೆ ಹೋಗುವುದು ಯಾವುದೇ ಸಾಕುಪ್ರಾಣಿಯ ಸ್ವಭಾವ. ಮದುವೆ ದಿಬ್ಬಣಗಳಲ್ಲಿ ಪಟಾಕಿ, ಬ್ಯಾಂಡು, ಡಿ.ಜೆ. ಸದ್ದಿನ ನಡುವೆ ವರನನ್ನು ಹೊತ್ತು ಕಣ್ಣರಳಿಸಿ ನಿಂತಿರುವ ಕುದುರೆಗಳನ್ನು ನಾವೆಲ್ಲ ನೋಡಿದ್ದೇವೆ. ಅವುಗಳನ್ನು ನೋಡಿದ ಮೇಲೆ ಸವಾರಿಯ ಸಂತೋಷದ ಬಗ್ಗೆ ಮಾತನಾಡಲು ನನಗೆ ಮನಸ್ಸು ಬರುವುದಿಲ್ಲ. ಆ ಸಂತೋಷವೆಲ್ಲ ಮೇಲೆ ಕುಳಿತವರದ್ದೇ ಅಲ್ಲವೇ?

ತೋಟದ ಸವಾರೆ, ಹಿರಿಯೂರು

ಎಂ.ಸಿ.ಸಿ. ಬಡಾವಣೆಯವರ ಪ್ರಶ್ನೆ ನ್ಯಾಯವಾದದ್ದು. ಮೇಲೆ ಕುಳಿತವರದ್ದು ಮಾತ್ರವಾದ ಸಂತೋಷ ಖಂಡಿತ ಇದೆ, ಅದು ಬಹಳ ಹೊತ್ತು ಬಾಳುವುದೂ ಇಲ್ಲ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಸವಾರಿ ಕಲಿತು, ಈಗ ವಾಣಿವಿಲಾಸ ಸಾಗರದ ನಾಲೆಯ ನೀರಿನ ಆಶ್ರಯದಲ್ಲಿರುವ ನಮ್ಮ ತೋಟದಲ್ಲಿ ಒಂದು ಹೆಣ್ಣುಗುದುರೆಯನ್ನೂ ಅದಕ್ಕೆ ಜೊತೆಗೆಂದು ಒಂದು ವಯಸ್ಸಾದ ತಟ್ಟುವನ್ನೂ (ಗಿಡ್ಡ ಜಾತಿಯ ಕುದುರೆ) ಸಾಕಿಕೊಂಡಿದ್ದೇನೆ. ಸವಾರಿಯ ಒಳಗಿನ ಸಂಗತಿಯನ್ನು ನಾನು ಕಂಡಷ್ಟು ಹೇಳುತ್ತೇನೆ.

ಕುದುರೆ ನಡೆಯುವಾಗ ನಾಲ್ಕು ಗೊರಸುಗಳೂ ಬೇರೆಬೇರೆಯಾಗಿ ನೆಲ ಮುಟ್ಟುತ್ತವೆ. ಬೆನ್ನಿನ ಆ ಓಲಾಟ ನಮ್ಮ ಸೊಂಟಕ್ಕೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ಟ್ರಾಟ್ ಎಂಬ ನಡೆಯಲ್ಲಿ ಒಂದು ಪಕ್ಕದ ಮುಂಗಾಲು, ಇನ್ನೊಂದು ಪಕ್ಕದ ಹಿಂಗಾಲು ಜೊತೆಯಾಗಿ ಬೀಳುವುದರಿಂದ ಎರಡೇ ಪೆಟ್ಟಿನ ಲಯವಿರುತ್ತದೆ, ಕಲಿಯುವವರ ಎಲುಬೆಲ್ಲ ಅಲುಗಾಡುವುದು ಇಲ್ಲಿಯೇ. ಒಂದು ಪೆಟ್ಟಿಗೆ ಏಳುತ್ತಾ ಇನ್ನೊಂದಕ್ಕೆ ಕೂರುತ್ತಾ ಅದರ ಲಯಕ್ಕೆ ಮೈ ಒಪ್ಪಿಸಿದ ಮೇಲೆ ಒಂದು ದಿನ ಆ ಕುಕ್ಕಾಟವೆಲ್ಲ ಮಾಯವಾಗಿಬಿಡುತ್ತದೆ. ಕ್ಯಾಂಟರ್ ಮೂರು ಪೆಟ್ಟಿನದು, ಉಯ್ಯಾಲೆಯಂತೆ ಹಿತವಾದದ್ದು. ನಾಗಾಲೋಟದಲ್ಲಿ ಮತ್ತೆ ನಾಲ್ಕು ಪೆಟ್ಟು ಕೇಳುತ್ತದೆ, ಒಂದು ಕ್ಷಣ ಯಾವ ಕಾಲೂ ನೆಲದ ಮೇಲಿರುವುದಿಲ್ಲ. ಆ ವೇಗದಲ್ಲಿ ಆನಂದವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಬೆಳಗಿನ ಜಾವ ನಾಲೆಯ ದಂಡೆಯ ಮೆತ್ತನೆಯ ಮಣ್ಣಿನಲ್ಲಿ ಓಡಿಸಿದಾಗ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಗುತ್ತದೆ.

ಆದರೂ ನಾನು ಬೆಳಗಾಗುವುದನ್ನೇ ಕಾಯುವುದು ಬೇರೊಂದಕ್ಕಾಗಿ. ಲಗಾಮನ್ನು ಎಳೆಯದೆ, ಉಸಿರನ್ನು ಮೆಲ್ಲನೆ ಹೊರಬಿಟ್ಟು, ಮೈಭಾರವನ್ನು ಜೀನಿನೊಳಕ್ಕೆ ಇಳಿಸಿದರೆ ನನ್ನ ಕುದುರೆ ನಿಲ್ಲುತ್ತದೆ. ಎಡಕ್ಕೆ ತಿರುಗಬೇಕೆಂದು ನಾನು ಆ ಕಡೆ ದಿಟ್ಟಿಸಿದಾಗ ನನ್ನ ಸೊಂಟ ಎಷ್ಟು ತಿರುಗುತ್ತದೋ ಅಷ್ಟೇ ಅದಕ್ಕೆ ಸಾಕಾಗುತ್ತದೆ. ದಾರಿಯುದ್ದಕ್ಕೂ ಅದರ ಒಂದು ಕಿವಿ ಮುಂದಕ್ಕೆ, ಇನ್ನೊಂದು ನನ್ನ ಕಡೆಗೆ ಹೊರಳಿರುತ್ತದೆ. ಐನೂರು ಕಿಲೋದಷ್ಟು ಬಲವಿರುವ ಒಂದು ಜೀವ, ಬೇಡವೆನಿಸಿದರೆ ನನ್ನನ್ನು ಕ್ಷಣದಲ್ಲಿ ಕೆಡವಬಲ್ಲದ್ದು, ನನ್ನ ಮುಂದಿನ ಇಂಗಿತವೇನೆಂದು ಕಿವಿಗೊಟ್ಟು ಕೇಳುತ್ತಾ ನಡೆಯುತ್ತದೆ. ಹೀಗೆ ಕೇಳಿಸಿಕೊಳ್ಳಲು ನಾನೂ ಅದನ್ನು ಅಷ್ಟೇ ಕೇಳಿಸಿಕೊಳ್ಳಬೇಕು. ಹೆಜ್ಜೆ ಗಿಡ್ಡವಾಯಿತೆಂದರೆ ಗೊರಸಿನಲ್ಲಿ ಕಲ್ಲು ಸಿಕ್ಕಿರಬಹುದು. ತಲೆಯನ್ನು ಮತ್ತೆ ಮತ್ತೆ ಒದರಿತೆಂದರೆ ಕಡಿವಾಣ ಬಾಯಿಗೆ ಒತ್ತುತ್ತಿರಬಹುದು. ದಿಬ್ಬಣದ ಕುದುರೆಯ ಮೇಲೆ ಕುಳಿತವರು ಅದರ ಮಾತನ್ನು ಕೇಳಿಸಿಕೊಳ್ಳುವುದಿಲ್ಲ, ಆದ್ದರಿಂದ ನಾನು ಅದನ್ನು ಸವಾರಿ ಎಂದು ಕರೆಯುವುದೂ ಇಲ್ಲ.

ನಿವೃತ್ತ ಪಶುವೈದ್ಯ, ದಾವಣಗೆರೆ

ಹುಲ್ಲಿನ ನಂಟು ಮಾತ್ರವೇ ಎಂಬ ಪ್ರಶ್ನೆಗೆ ಒಂದು ಪ್ರಯೋಗದ ಉತ್ತರವಿದೆ. ಹಿಂಡಿನಲ್ಲಿ ಗೆಳೆತನವಿರುವ ಎರಡು ಕುದುರೆಗಳು ಎದುರುಬದುರಾಗಿ ನಿಂತು, ಕುತ್ತಿಗೆ ಮುಗಿದು ಬೆನ್ನು ಆರಂಭವಾಗುವ ಎಡೆಯನ್ನು ಒಂದಕ್ಕೊಂದು ಹಲ್ಲಿನಿಂದ ಮೆಲ್ಲಗೆ ಕೆರೆದುಕೊಳ್ಳುತ್ತವೆ. ಮನುಷ್ಯರು ಅದೇ ಜಾಗವನ್ನು ಕೈಯಿಂದ ಕೆರೆದಾಗ ಕುದುರೆಯ ಎದೆಬಡಿತ ಇಳಿಯುವುದನ್ನೂ, ಮೈಯ ಬೇರೆ ಕಡೆ ಕೆರೆದಾಗ ಹಾಗೆ ಇಳಿಯದಿರುವುದನ್ನೂ 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಲ್ಲಿ ಹುಲ್ಲೂ ಇರಲಿಲ್ಲ, ಹುರುಳಿಯೂ ಇರಲಿಲ್ಲ. ಇದನ್ನು ಪ್ರೀತಿಯೆಂದು ಕರೆಯಲು ಸಂಕೋಚವಿದ್ದರೆ ನೆಮ್ಮದಿ ಎಂದಾದರೂ ಒಪ್ಪಿಕೊಳ್ಳಬಹುದು. ಕುದುರೆಯನ್ನು ಮಾತನಾಡಿಸಲು ಅದರ ಮೂತಿಯನ್ನು ತಟ್ಟುವುದಕ್ಕಿಂತ ಆ ಜಾಗವನ್ನು ಕೆರೆಯುವುದು ಮೇಲು.

ದಿಬ್ಬಣದ ಕುದುರೆಗಳ ವಿಷಯದಲ್ಲಿ ನಾನು ನಿಮ್ಮ ಪಕ್ಷದವನೇ. ಪ್ರಾಣಿಹಿಂಸೆ ತಡೆ ಕಾಯ್ದೆ 1960ರಲ್ಲಿ ಬಂದಿತು. ಅದರ ಅಡಿಯಲ್ಲಿ ದುಡಿಯುವ ಪ್ರಾಣಿಗಳಿಗಾಗಿಯೇ 1965ರಲ್ಲಿ ನಿಯಮಗಳಾದವು. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ 5 ಗಂಟೆ ಮೀರಬಾರದು, ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು, ಮುಳ್ಳಿನ ಕಡಿವಾಣ ಹಾಕಬಾರದು ಎಂದು ಅವುಗಳಲ್ಲಿ ಸ್ಪಷ್ಟವಾಗಿದೆ. ಏಪ್ರಿಲ್, ಮೇ ತಿಂಗಳ ನಮ್ಮ ಊರಿನ ಮಧ್ಯಾಹ್ನಗಳನ್ನು ಬಲ್ಲವರಿಗೆ ಈ ನಿಯಮ ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ದುರ್ಗದ ಮೇಷ್ಟ್ರು

ನಮ್ಮ ಸೀಮೆಗೂ ಕುದುರೆಗೂ ಇರುವ ಹಳೆಯ ಸಂಬಂಧವನ್ನು ನೆನೆಯದೆ ಈ ಚರ್ಚೆ ಮುಂದುವರಿಯಬಾರದೆಂದು ಬರೆಯುತ್ತಿದ್ದೇನೆ. ನಮ್ಮ ಊರುಗಳ ವೀರಗಲ್ಲುಗಳಲ್ಲಿ ಕುದುರೆಯೇರಿ ಹೋರಾಡುವ ವೀರನ ಚಿತ್ರ ಮತ್ತೆ ಮತ್ತೆ ಕಾಣುತ್ತದೆ. ಮಧ್ಯ ಕರ್ನಾಟಕದ ಎಷ್ಟೋ ಮನೆಗಳ ಕುಲದೈವವಾದ ಮೈಲಾರಲಿಂಗನು ಗಂಗಮಾಳವ್ವನೊಂದಿಗೆ ಕುದುರೆಯ ಮೇಲೆಯೇ ಕುಳಿತಿದ್ದಾನೆ. ವಿಜಯನಗರದ ಕಾಲದಲ್ಲಿ ಅರೇಬಿಯಾ, ಪರ್ಷಿಯಾಗಳ ಕುದುರೆಗಳು ಭಟ್ಕಳ, ಗೋವೆಯಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಬರುತ್ತಿದ್ದವು. ದುರ್ಗದ ಏಳು ಸುತ್ತಿನ ಕೋಟೆಯ ಬಾಗಿಲುಗಳು ಒಂದರ ಎದುರು ಒಂದಿಲ್ಲದೆ ತಿರುತಿರುಗಿ ಇರುವುದನ್ನು ನೋಡಿದವರಿಗೆ, ಏರಿ ಬರುವ ದಂಡಿನ ಓಟವನ್ನು ಮುರಿಯುವುದಕ್ಕಾಗಿಯೇ ಅದನ್ನು ಹಾಗೆ ಕಟ್ಟಿದರೆಂಬುದು ಅರ್ಥವಾಗುತ್ತದೆ. 1779ರಲ್ಲಿ ಮದಕರಿನಾಯಕನು ಹೈದರಾಲಿಯ ವಶವಾಗುವವರೆಗೂ ಆ ಕಲ್ಲುಗಳು ತಮ್ಮ ಕೆಲಸ ಮಾಡಿದವು. ದಾವಣಗೆರೆಯೂ ಹೈದರಾಲಿಯು ಆಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆಯೇ ವ್ಯಾಪಾರದ ಊರಾಗಿ ಬೆಳೆಯಿತು. ನಮ್ಮ ಜಿಲ್ಲೆಯೂ ಸೇರಿದ್ದ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಂದಿಗೆ ಸೇರಿ ಹೈಫಾ ನಗರವನ್ನು ಗೆದ್ದಿತು. ಮೆಷಿನ್‌ಗನ್ನುಗಳ ಎದುರು ಈಟಿ ಹಿಡಿದು ಹೊರಟ ಸವಾರರನ್ನು ಹೊತ್ತು ಓಡಿದ ಆ ಕುದುರೆಗಳ ನಂಬಿಕೆಯನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಮಗಳನ್ನು ಸವಾರಿಗೆ ಕಳಿಸಲಿರುವ ತಂದೆಯವರು ಗಮನಿಸಬೇಕಾದ ಮಾತೊಂದು ಚನ್ನಗಿರಿ ಸಮೀಪದ ಹೊದಿಗೆರೆಯಲ್ಲಿದೆ. ಶಿವಾಜಿಯ ತಂದೆ ಶಹಾಜಿ ಭೋಂಸಲೆಯವರ ಸಮಾಧಿ ಅಲ್ಲಿದೆ. ಜೀವಮಾನವನ್ನೆಲ್ಲ ಕುದುರೆಯ ಮೇಲೆ ಕಳೆದ ಆ ಯೋಧರು 1664ರಲ್ಲಿ ಬೇಟೆಯ ವೇಳೆ ಕುದುರೆಯಿಂದ ಬಿದ್ದು ತೀರಿಕೊಂಡರು. ಅಂಥವರೂ ಬೀಳುತ್ತಾರೆ, ಆದ್ದರಿಂದ ಹೆಲ್ಮೆಟ್ ಇಲ್ಲದೆ ಮಗುವನ್ನು ಜೀನಿನ ಮೇಲೆ ಹತ್ತಿಸುವ ಶಾಲೆಗೆ ಸೇರಿಸಬೇಡಿ.

ಚಳ್ಳಕೆರೆ ಸೀಮೆಯವನು

ಮೇಷ್ಟ್ರು ರಾಜರ ಕುದುರೆಗಳನ್ನು ನೆನಪಿಸಿದರು. ನಮ್ಮ ಕಡೆಯ ಬಯಲುಗಳಲ್ಲಿ ಬೇಸಿಗೆಗೆ ಕುರಿಮಂದೆಗಳೊಂದಿಗೆ ಬರುವ ಸಂಚಾರಿ ಕುರಿಗಾರರ ತಟ್ಟುಗಳನ್ನೂ ಇಲ್ಲಿ ಸೇರಿಸಬೇಕು. ಗುಡಾರದ ಬಟ್ಟೆ, ಕಂಬಳಿ, ಅಡಿಗೆಯ ಪಾತ್ರೆ, ಮೇಲೊಂದು ಕೋಳಿ, ಪಕ್ಕದ ಚೀಲದಲ್ಲಿ ಆಗತಾನೇ ಹುಟ್ಟಿದ ಕುರಿಮರಿ, ಕೆಲವೊಮ್ಮೆ ಅವರ ಕೂಸೂ ಸೇರಿ ಒಂದು ಸಂಸಾರವೇ ಆ ತಟ್ಟುವಿನ ಬೆನ್ನ ಮೇಲಿರುತ್ತದೆ. ಹಗ್ಗ ಹಿಡಿಯುವವರು ಯಾರೂ ಇಲ್ಲದೆಯೂ ಅದು ಮಂದೆಯ ಜೊತೆಜೊತೆಗೇ ನಡೆಯುತ್ತದೆ. ಹಟ್ಟಿ ಬಿಟ್ಟಲ್ಲಿ ಮೊದಲು ಹೊರೆ ಇಳಿಸಿ, ಬೆನ್ನುಜ್ಜಿ, ನೀರು ಕುಡಿಸಿದ ಮೇಲೆಯೇ ಹೆಂಗಸರು ಒಲೆ ಹೂಡುವುದನ್ನು ನಾನು ಅನೇಕ ಬಾರಿ ನೋಡಿದ್ದೇನೆ. ಹಳೇಪೇಟೆಯ ಅಣ್ಣನವರ ಮನೆಯ ಕಟ್ಟಳೆಯೂ ಇದೇ ಆಗಿತ್ತೆಂದು ಓದಿ ಬಹಳ ಸಂತೋಷವಾಯಿತು.

ವಿದ್ಯಾನಗರದ ಓದುಗ, ದಾವಣಗೆರೆ

ಇಷ್ಟು ಮನಸ್ಸಿಟ್ಟು ಬರೆದ ಎಲ್ಲರಿಗೂ ಕೃತಜ್ಞತೆಗಳು. ಎಲ್ಲ ಉತ್ತರಗಳನ್ನೂ ಮಗಳಿಗೆ ಓದಿ ಹೇಳಿದೆ. ಈಗ ಅವಳು ಒಂದು ಮರಿಯನ್ನೇ ಕೊಂಡು ತಂದು, ತನ್ನ ಜೊತೆಯಲ್ಲಿಯೇ ಬೆಳೆಸಬಹುದಲ್ಲ ಎನ್ನುತ್ತಿದ್ದಾಳೆ. ಊರಾಚೆ ನಮಗೆ ಸ್ವಲ್ಪ ಜಮೀನಿದೆ. ಇದು ಸರಿಯಾದ ಯೋಚನೆಯೇ?

ತೋಟದ ಸವಾರೆ, ಹಿರಿಯೂರು

ಈಗಲೇ ಬೇಡ, ಸಾರ್. ಕಲಿಯುವ ಮಗುವಿಗೆ ಕಲಿತ ಕುದುರೆ ಬೇಕು, ಕಲಿಯುವ ಕುದುರೆಗೆ ಕಲಿತ ಸವಾರ ಬೇಕು. ಇಬ್ಬರೂ ಹೊಸಬರಾದರೆ ಇಬ್ಬರಿಗೂ ಭಯ ಹತ್ತುತ್ತದೆ, ಕುದುರೆಗೆ ಹತ್ತಿದ ಭಯವನ್ನು ಬಿಡಿಸುವುದು ಬಹಳ ಕಷ್ಟ. ಸಾಲದ್ದಕ್ಕೆ, ಕುದುರೆ ಒಂಟಿಯಾಗಿ ಬದುಕುವ ಪ್ರಾಣಿಯಲ್ಲ. ಒಂದನ್ನು ತಂದು ಜಮೀನಿನ ಮೂಲೆಯಲ್ಲಿ ಕಟ್ಟಿದರೆ ಅದು ಹಲಗೆ ಕಚ್ಚುತ್ತಾ, ನಿಂತಲ್ಲೇ ತೂಗಾಡುತ್ತಾ ಕೊರಗುತ್ತದೆ. ರಜೆಯಲ್ಲಿ ಒಳ್ಳೆಯ ತರಬೇತಿ ಇರುವ ಕಡೆ ಸೇರಿಸಿ. ಸೇರಿಸುವ ಮೊದಲು ಅಲ್ಲಿಯ ಲಾಯವನ್ನು ನೋಡಿ: ಗಾಳಿ ಬೆಳಕು ಇದೆಯೇ, ಜೀನು ತೆಗೆದ ಮೇಲೆ ಬೆನ್ನಿನಲ್ಲಿ ಹುಣ್ಣು ಇಲ್ಲವೇ, ಕುದುರೆಗಳನ್ನು ನೋಡಿಕೊಳ್ಳುವ ಕಾಸ್ತಾರರು ಹತ್ತಿರ ಬಂದಾಗ ಕುದುರೆಗಳು ಕಿವಿ ಮುಂದಕ್ಕೆ ತರುತ್ತವೆಯೇ ಅಥವಾ ಹಿಂದಕ್ಕೆ ಒತ್ತಿ ಮೂಲೆಗೆ ಸರಿಯುತ್ತವೆಯೇ ಎಂಬುದನ್ನು ಗಮನಿಸಿದರೆ ಶಾಲೆಯ ಗುಣ ತಿಳಿಯುತ್ತದೆ. ಮೊದಲ ಕೆಲವು ವಾರ ಮಗಳಿಗೆ ಮೈಯುಜ್ಜುವ, ಗೊರಸು ಎತ್ತುವ, ಹಗ್ಗ ಹಿಡಿದು ನಡೆಸುವ ಕೆಲಸವನ್ನೇ ಕೊಡುವ ಗುರುಗಳು ಸಿಕ್ಕರೆ ಅವರನ್ನು ಬಿಡಬೇಡಿ. ಆ ಕೆಲಸದಲ್ಲಿಯೂ ಅವಳ ಉತ್ಸಾಹ ಉಳಿದರೆ ಅವಳಿಗೆ ಬೇಕಾಗಿರುವುದು ಕುದುರೆಯೇ ಎಂದು ನೀವು ಧೈರ್ಯವಾಗಿ ನಂಬಬಹುದು.

ನಿವೃತ್ತ ಪಶುವೈದ್ಯ, ದಾವಣಗೆರೆ

ಅಮ್ಮನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಮುಂದೆ ಎಂದಾದರೂ ಕೊಳ್ಳುವುದಾದರೆ ಅನುಕೂಲವಾಗಲೆಂದು ಕೆಲವು ಸಂಗತಿಗಳನ್ನು ಹೇಳಿಬಿಡುತ್ತೇನೆ. ಮೂರು ನಾಲ್ಕು ವರ್ಷ ತುಂಬುವ ಮೊದಲು ಮರಿಯ ಬೆನ್ನೇರಬಾರದು. ಬೆನ್ನೆಲುಬು ಪೂರ್ತಿಯಾಗಿ ಬಲಿಯಲು ಐದು ವರ್ಷವೂ ಮೀರುತ್ತದೆ. ಸವಾರರ ಹಾಗೂ ಜೀನಿನ ಒಟ್ಟು ತೂಕ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರದಿದ್ದರೆ ಒಳಿತು, ಎಂದರೆ 350 ಕಿಲೋದ ನಾಟಿ ಕುದುರೆಗೆ 70 ಕಿಲೋ. ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬದುಕಬಲ್ಲದು, ಹಾಗಾಗಿ ಮಗಳು ಓದಿಗೆಂದು ಊರು ಬಿಟ್ಟ ಮೇಲೆ ಅದನ್ನು ನೋಡಿಕೊಳ್ಳುವವರು ಯಾರೆಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿರಬೇಕು.

ಮೇವಿನ ವಿಷಯದಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಚಿಕ್ಕದು, ಸುಮಾರು 8ರಿಂದ 15 ಲೀಟರ್ ಹಿಡಿಯುವಷ್ಟು. ತಿಂದದ್ದನ್ನು ವಾಂತಿ ಮಾಡಲು ಅದಕ್ಕೆ ಬರುವುದಿಲ್ಲ. ಆದ್ದರಿಂದ ಹುರುಳಿಯನ್ನು ಪ್ರೀತಿಗೆಂದು ಒಮ್ಮೆಲೇ ಸುರಿದರೆ ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಸಂಚಕಾರವಾಗುತ್ತದೆ. ಮುಖ್ಯ ಆಹಾರ ಹುಲ್ಲು, ದಿನವಿಡೀ ಸ್ವಲ್ಪ ಸ್ವಲ್ಪವಾಗಿ. ಕಾಳು ಅದರ ಜೊತೆಗೆ ಅಳತೆಯಲ್ಲಿ. ಮೇವು ಬದಲಿಸುವಾಗ ಒಂದು ವಾರ, ಹತ್ತು ದಿನಗಳಲ್ಲಿ ನಿಧಾನವಾಗಿ ಬದಲಿಸಬೇಕು. ಕುದುರೆ ಮೇವು ಬಿಟ್ಟು ಮತ್ತೆ ಮತ್ತೆ ತನ್ನ ಹೊಟ್ಟೆಯತ್ತ ತಿರುಗಿ ನೋಡುವುದು, ನೆಲ ಕೆರೆಯುವುದು, ಹೊರಳಾಡುವುದು ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ವೈದ್ಯರನ್ನು ಕರೆಸಿ.

ಧನುರ್ವಾಯುವಿನ ಲಸಿಕೆಯನ್ನು ತಪ್ಪಿಸಲೇಬಾರದು, ಏಕೆಂದರೆ ಕುದುರೆಗೆ ಆ ರೋಗ ಬಹಳ ಸುಲಭವಾಗಿ ತಗಲುತ್ತದೆ. ಕೊಳ್ಳುವ ಮೊದಲು ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಹರಡುವ ರೋಗ. ಮಳೆಗಾಲದಲ್ಲಿ ಕಚ್ಚುವ ದೊಡ್ಡ ನೊಣಗಳಿಂದ ಸರ್ರಾ ಜ್ವರ ಹರಡುವುದರಿಂದ ಲಾಯದ ಸುತ್ತ ಸಗಣಿ, ನಿಂತ ನೀರು ಇರಬಾರದು. ಮಗಳು ತರಬೇತಿಗೆ ಹೊರಡುವ ಮುನ್ನ ಅವಳಿಗೂ ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದು ನೋಡಿಕೊಳ್ಳಿ.

ಜಟಕಾ ಮನೆಯವನು, ಹಳೇಪೇಟೆ

ಡಾಕ್ಟರ್ ಹೇಳಿದ ಅಳತೆಯ ಮಾತಿಗೆ ಒಂದು ಸೇರ್ಪಡೆ. ಹುರುಳಿಯನ್ನು ಬೇಯಿಸಿದ ಮೇಲೆ ಬೆರಳುಗಳ ನಡುವೆ ಹಿಸುಕಿ ನೋಡಬೇಕು. ಮೆತ್ತಗೆ ನುರಿಯದಿದ್ದರೆ ಇನ್ನೂ ಬೇಯಲು ಬಿಡಬೇಕು. ತಮ್ಮ ಮಗಳು ಬಯಸಿದರೆ ಒಂದು ಭಾನುವಾರ ನಮ್ಮ ಮನೆಗೆ ಕರೆದುಕೊಂಡು ಬನ್ನಿ. ಕುದುರೆಯಂತೂ ಈಗ ಇಲ್ಲ, ತಂದೆಯವರು ಬಳಸುತ್ತಿದ್ದ ಸಾಮಾನುಗಳೆಲ್ಲ ಇವೆ. ಲಗಾಮಿನ ಪಟ್ಟಿಗೆ ಎಣ್ಣೆ ಹಚ್ಚುವ ಬಗೆಯನ್ನು ನಾನೇ ಅವಳಿಗೆ ತೋರಿಸಿಕೊಡುತ್ತೇನೆ.